ಕೊನೆಯ ಬಾರಿ ಮುಟ್ಟಿದ ಹೊತ್ತು

ಡೇಟಾಬೇಸ್ ಎಂಬ ಶಬ್ದ ಕಂಡ ಕೂಡಲೇ ಮುಂದಿನ ಪೋಸ್ಟಿಗೆ ಹಾರಬೇಡಿ. ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ಇದರಲ್ಲಿ ಒಬ್ಬ ಹೆಂಗಸು ಇದ್ದಾರೆ, ಒಂದು ಸಾವು ಇದೆ. ಕಂಪ್ಯೂಟರ್ ನಡುವೆ ಬಂದು ಕೂತಿದೆ.

ನನ್ನನ್ನು ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಬಂದರಿನ ಎರಡು ಗೋದಾಮು, ಕದ್ರಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಕುದ್ರೋಳಿಯಲ್ಲಿ ಒಂದು ಆಂಬುಲೆನ್ಸ್ ಆಫೀಸು. ಗಂಡ ಗಲ್ಫಿನಲ್ಲಿ, ಲ್ಯಾಪ್‌ಟಾಪ್ ಸ್ಕೂಟರಿನ ಡಿಕ್ಕಿಯಲ್ಲಿ, ನಾನು ರಸ್ತೆಯಲ್ಲಿ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೂ ನನ್ನನ್ನೇ ಕರೆಯುತ್ತಾರೆ.

ಆ ಆಂಬುಲೆನ್ಸ್ ಆಫೀಸಿನ ಯಜಮಾನರನ್ನು ಎಲ್ಲರೂ ಧಣಿಗಳು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮೊದಲು ಬಂದರಿನಲ್ಲಿ ಬೆಲ್ಲ, ಒಣಮೆಣಸಿನ ಸಗಟು ವ್ಯಾಪಾರ ಇದ್ದವರು. ವ್ಯಾಪಾರ ಬಿದ್ದ ಮೇಲೆ ಎರಡು ಆಂಬುಲೆನ್ಸ್ ತೆಗೆದುಕೊಂಡರು. ಅವುಗಳಲ್ಲಿ ಒಂದು ಯಾವಾಗಲೂ ಗ್ಯಾರೇಜಿನಲ್ಲಿ. ಕೌಂಟರಿನಲ್ಲಿ ಕೂರುವವನು ಅವರ ತಂಗಿಯ ಮಗ. ಗಲ್ಫಿನಿಂದ ಕೆಲಸ ಬಿಟ್ಟು ಬಂದವನು, ಮೂವತ್ತೈದರ ಆಸುಪಾಸು, ಮಾತಿನಲ್ಲಿ ಬೆಣ್ಣೆ. ಅವನನ್ನು ಅಳಿಯ ಎಂದೇ ಬರೆಯುತ್ತೇನೆ.

ಆ ಆಫೀಸಿಗೆ ಸಾಫ್ಟ್‌ವೇರ್ ಬೇಕಾದದ್ದು ಜಗಳದಿಂದ. ಗಾಡಿ ತಡವಾಗಿ ಬಂತು ಎಂದು ಜನ ಬೈಯುವುದು, ಕರೆದ ಕೂಡಲೇ ಕಳಿಸಿದ್ದೇವೆ ಎಂದು ಇವರು ಹೇಳುವುದು. ಹೊತ್ತನ್ನು ಕೈಯಲ್ಲಿ ಬರೆಯುವಾಗ ಯಾರಾದರೂ ತಮ್ಮ ತಲೆಯ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆಯೇ? ಅದಕ್ಕೆ ನಾನು ಹೊತ್ತನ್ನು ಅವರ ಕೈಯಿಂದ ಕಿತ್ತುಕೊಂಡೆ. ಒಂದು ಟ್ರಿಪ್ಪಿಗೆ ಒಂದು ಸಾಲು. ಪ್ರತಿ ಸಾಲಿನ ಕೊನೆಯಲ್ಲಿ ಎರಡು ಕಾಲಂ. ಒಂದರಲ್ಲಿ ಆ ಸಾಲು ಹುಟ್ಟಿದ ಹೊತ್ತು, ಇನ್ನೊಂದರಲ್ಲಿ ಅದನ್ನು ಕೊನೆಯ ಬಾರಿ ಮುಟ್ಟಿದ ಹೊತ್ತು. ಎರಡನ್ನೂ ಯಾರೂ ಟೈಪ್ ಮಾಡಬೇಕಿಲ್ಲ, ಮಾಡಲು ಜಾಗವೂ ಇಲ್ಲ. ಡೇಟಾಬೇಸ್ ತಾನೇ ಗಡಿಯಾರ ನೋಡಿ ಬರೆದುಕೊಳ್ಳುತ್ತದೆ. ಮೊದಲನೆಯದು ಒಮ್ಮೆ ಬಿದ್ದರೆ ಮತ್ತೆ ಅಲುಗುವುದಿಲ್ಲ. ಎರಡನೆಯದು ಸಾಲನ್ನು ತಿದ್ದಿದಾಗಲೆಲ್ಲ ಅಳಿದು ಹೊಸದಾಗುತ್ತದೆ.

ಅಳಿಯನಿಗೆ ಹೇಳಿಕೊಟ್ಟ ಕ್ರಮ ಇಷ್ಟೇ. ಯಾರಾದರೂ ಬಂದು ಗಾಡಿ ಕೇಳಿದರೆ ಮೊದಲು ಎಂಟ್ರಿ, ಆಮೇಲೆ ಡ್ರೈವರನಿಗೆ ಫೋನು. ಗಾಡಿ ಆಸ್ಪತ್ರೆ ಮುಟ್ಟಿದ ಮೇಲೆ ಅದೇ ಸಾಲನ್ನು ತೆರೆದು 'ಮುಗಿದಿದೆ' ಎಂದು ಒತ್ತಬೇಕು. ಹಾಗಾದರೆ ಕೇಳಿದ್ದು ಯಾವಾಗ, ಮುಟ್ಟಿಸಿದ್ದು ಯಾವಾಗ, ಎರಡೂ ಅಲ್ಲೇ ಇರುತ್ತವೆ.

"ಇನ್ನು ಯಾರಿಗೂ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ ಧಣಿಗಳೇ," ಅಂದಿದ್ದೆ.

"ಹಾಗಾದ್ರೆ ವ್ಯಾಪಾರ ಮಾಡುದು ಹೇಗೆ ಮಾರಾಯ್ತಿ?" ಎಂದು ಅವರು ನಕ್ಕಿದ್ದರು.

ಆ ಹೆಂಗಸು ಬಂದ ಮಧ್ಯಾಹ್ನ ನಾನು ಅದೇ ಆಫೀಸಿನಲ್ಲಿ ಪ್ರಿಂಟರ್ ಬಿಚ್ಚಿ ಕೂತಿದ್ದೆ. ಐವತ್ತು ದಾಟಿದವರು, ಮಾಸಲು ನೀಲಿ ಸೀರೆ, ಕೈಯಲ್ಲಿ ಮಡಚಿದ ಕೊಡೆ. ಒಳಗೆ ಬಂದವರು ಕೂರಲಿಲ್ಲ. ಅಳಿಯನ ಮುಖ ನೋಡಿ ಕೇಳಿದರು.

"ನಮ್ಮವರಿಗೆ ಗಾಡಿ ಕೇಳ್ಲಿಕ್ಕೆ ನಾನು ಬಂದದ್ದು ಎಷ್ಟು ಹೊತ್ತಿಗೆ ಅಂತ ನಿಮ್ಮ ಕಂಪ್ಯೂಟರಲ್ಲಿ ಉಂಟಾ?"

ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಷಯ ಹೀಗೆ. ಅವರ ಗಂಡನಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಡೆಯಲು ಆಗದ ಕಾರಣ ಇವರ ಗಾಡಿಯೇ ಬಂದು ಸ್ಟ್ರೆಚರಿನಲ್ಲಿ ಒಯ್ಯುತ್ತಿತ್ತು. ಒಂದು ದಿನ ಸಂಜೆ, ಡಯಾಲಿಸಿಸ್ ಇಲ್ಲದ ದಿನ, ಉಸಿರು ಕಟ್ಟತೊಡಗಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡನ ಅಣ್ಣ, ಅಂದರೆ ಇವರ ಭಾವ, ಹೆಂಡತಿ ತೀರಿಹೋದ ಮೇಲೆ ಇವರ ಜೊತೆಗೇ ಇರುವವರು, ಯಾವುದೋ ಮದುವೆಗೆ ಹೋಗಿದ್ದರು. ಮೊಬೈಲಿನಲ್ಲಿ ಕರೆನ್ಸಿ ಮುಗಿದಿತ್ತು. ಆಫೀಸು ಎರಡು ತಿರುವಿನಾಚೆ. ಗಂಡನನ್ನು ದಿಂಬಿಗೆ ಒರಗಿಸಿ ಓಡಿ ಬಂದು ಗಾಡಿ ಕೇಳಿದರು. ಗಾಡಿ ಬಂತು, ಮನೆಗೆ ಹೋಯಿತು, ಆಸ್ಪತ್ರೆಗೂ ಹೋಯಿತು. ದಾರಿಯಲ್ಲೇ ಜೀವ ಹೋಗಿದೆ ಎಂದು ಆಸ್ಪತ್ರೆಯವರು ಚೀಟಿಯಲ್ಲಿ ಬರೆದರು. ಹೊತ್ತು ಸಂಜೆ ಆರು.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟಕ್ಕೆ ನೆಂಟರೆಲ್ಲ ಕೂತಿದ್ದಾಗ, ಎಲೆಯ ಮುಂದೆಯೇ ಭಾವ ಹೇಳಿದರಂತೆ, ಇವಳು ಹೊತ್ತಿಗೆ ಸರಿಯಾಗಿ ಹೋಗಿದ್ದರೆ ತಮ್ಮ ಉಳಿಯುತ್ತಿದ್ದ ಎಂದು.

"ನಾನು ಕೂಡ್ಲೇ ಬಂದದ್ದು ಮೇಡಂ," ಅಂದರು ಆ ಅಕ್ಕ ನನ್ನ ಕಡೆ ತಿರುಗಿ. "ಇಲ್ಲಿ ತುಂಬಾ ಹೊತ್ತು ಕೂತೆ ಅಂತ ನನ್ನ ನೆನಪು. ಆದ್ರೆ ಅಂಥ ಸಮಯದಲ್ಲಿ ಐದು ನಿಮಿಷವೂ ತುಂಬಾ ಹೊತ್ತು ಅಂತ ಆಗ್ತದೆ ಅಲ್ವಾ? ಭಾವ ದಿನಾ ಹೇಳಿ ಹೇಳಿ ಈಗ ನನಗೇ ಗೊತ್ತಾಗುದಿಲ್ಲ. ಬಟ್ಟೆ ತೆಗೀಲಿಕ್ಕೆ ಹಿತ್ತಿಲಿಗೆ ಹೋಗಿದ್ದೆನಾ, ಒಲೆಯ ಹತ್ರ ನಿಂತಿದ್ದೆನಾ, ಎಂತ ಮಾಡಿದೆ ಅಂತ ತಲೆಗೆ ಬರುದಿಲ್ಲ. ಅದೊಂದು ಟೈಮ್ ಗೊತ್ತಾದ್ರೆ ಸಾಕು."

ಅಳಿಯ ಬಿಲ್ಲಿನ ಪುಸ್ತಕ ಜೋಡಿಸತೊಡಗಿದ. ಸಿ.ಸಿ. ಕ್ಯಾಮೆರಾ ನೋಡೋಣ ಎಂದು ನಾನು ಮೇಲೆ ಕೈ ತೋರಿಸಿದೆ.

"ಅದು ಶೋಕಿಗೆ," ಅಂದರು ಮೂಲೆಯ ಮೇಜಿನಲ್ಲಿ ಕೂತಿದ್ದ ಧಣಿಗಳು. "ಅದರ ಒಳಗೆ ಎಂತದೂ ಇಲ್ಲ."

ಸರಿ, ನನ್ನ ಡೇಟಾಬೇಸ್ ಇದೆಯಲ್ಲ ಎಂದು ಪ್ರಿಂಟರ್ ಬದಿಗಿಟ್ಟು ಕೌಂಟರಿನ ಕಂಪ್ಯೂಟರಿನಲ್ಲಿ ಕೂತೆ. ಗಂಡನ ಹೆಸರು ಹಾಕಿ ಹುಡುಕಿದೆ. ವಾರಕ್ಕೆ ಮೂರರಂತೆ ಒಂದು ವರ್ಷಕ್ಕೂ ಮಿಕ್ಕಿ ಓಡಾಡಿದ ಮನುಷ್ಯ. ಪುಟಗಟ್ಟಲೆ ಬರಬೇಕಿತ್ತು.

ಒಂದೇ ಸಾಲು ಬಂತು.

ಹುಟ್ಟಿದ ಹೊತ್ತು ಹಿಂದಿನ ವರ್ಷದ ಮಳೆಗಾಲದ ಒಂದು ಬೆಳಿಗ್ಗೆ. ಕೊನೆಯ ಬಾರಿ ಮುಟ್ಟಿದ ಹೊತ್ತು ಆ ಸಂಜೆ ಐದು ಐವತ್ತೈದು. ಸ್ಥಿತಿ, ಮುಗಿದಿದೆ.

"ಉಳಿದ ಟ್ರಿಪ್ ಎಲ್ಲಿ?" ಎಂದು ಅಳಿಯನನ್ನು ಕೇಳಿದೆ.

"ಅದೇ ಅಲ್ವಾ ಅಕ್ಕ. ಒಬ್ಬನೇ ಪೇಶೆಂಟ್, ಒಂದೇ ಮನೆ, ಒಂದೇ ಆಸ್ಪತ್ರೆ. ಪ್ರತಿ ಸಲ ಹೊಸತು ಎಂತಕ್ಕೆ ಬರೀಬೇಕು? ಅದನ್ನೇ ತೆಗೆದು ತಾರೀಕು ಬದಲಿಸುದು."

ಬೈಯಬೇಕೆಂದು ಬಾಯಿ ತೆರೆದೆ, ಆದರೆ ಬೈಯಲಾಗಲಿಲ್ಲ. ಯಾಕೆಂದರೆ ಅದು ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಬಾಪನ, ಅಂದರೆ ಅಪ್ಪನ ಗೋದಾಮೂ ಬಂದರಿನಲ್ಲೇ ಇತ್ತು. ಅಲ್ಲಿ ಎಲ್ಲ ಗೋದಾಮಿನ ಗೋಡೆಯಲ್ಲೂ ಒಂದು ಕರಿಹಲಗೆ. ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು ಸಾಲು, ಅವನ ಹೆಸರು ಬಣ್ಣದಲ್ಲಿ ಬರೆದದ್ದು, ಅದು ಅಳಿಯುವುದಿಲ್ಲ. ಮುಂದೆ ಸೀಮೆಸುಣ್ಣದಲ್ಲಿ ಇವತ್ತಿನ ಮೂಟೆ ಎಷ್ಟು ಅಂತ. ನಾಳೆ ಅಂಗೈಯಿಂದ ಒರೆಸಿ ನಾಳೆಯದ್ದು. ನಿನ್ನೆಯ ಮೂಟೆಯ ಲೆಕ್ಕ ಕಟ್ಟಿಕೊಂಡು ಯಾರಿಗೇನಾಗಬೇಕು? ಮಾಲು ಹೋಗಿ ಆಯಿತು. ಒಬ್ಬನಿಗೆ ಎರಡು ಸಾಲು ಬರೆದರೆ ಬಾಪ ರೇಗುತ್ತಿದ್ದರು. ಧಣಿಗಳು ಅದೇ ಹಲಗೆಯ ಮುಂದೆ ಬೆಳೆದವರು, ಅಳಿಯನಿಗೆ ಅದನ್ನೇ ಕಲಿಸಿದ್ದಾರೆ. ನಾನು ಕೊಟ್ಟ ಡೇಟಾಬೇಸನ್ನು ಇವರು ಕರಿಹಲಗೆ ಮಾಡಿಕೊಂಡಿದ್ದರು.

ಅಂದರೆ ನೋಡಿ, ಆ ಸಂಜೆ ಅವರು ಬಂದಾಗ ಹೊಸ ಸಾಲು ಹುಟ್ಟಲಿಲ್ಲ. ಗಾಡಿ ಆಸ್ಪತ್ರೆಯ ಗೇಟು ಮುಟ್ಟಿತು ಎಂದು ಡ್ರೈವರ್ ಫೋನು ಮಾಡಿದ ಮೇಲೆ ಅಳಿಯ ಹಳೆಯ ಸಾಲನ್ನು ತೆರೆದು, ತಾರೀಕು ತಿದ್ದಿ, 'ಮುಗಿದಿದೆ' ಒತ್ತಿದ. ಡೇಟಾಬೇಸಿಗೆ ಗೊತ್ತಿರುವುದು ಆ ಒಂದು ಮುಟ್ಟುವಿಕೆ ಮಾತ್ರ. ನಡುವಿನ ಇಡೀ ಒಂದು ವರ್ಷದ ಹೋಗುವುದು ಬರುವುದು ಒಂದರ ಮೇಲೊಂದು ಒರೆಸಿಹೋಗಿತ್ತು.

ಅವರು ಬಂದ ಹೊತ್ತು ಅಳಿಯನಿಗೆ ನೆನಪಿಲ್ಲವಂತೆ. ಡ್ರೈವರನನ್ನು ಕೇಳೋಣ ಅಂದರೆ ಅವನು ಅಷ್ಟರಲ್ಲಿ ವೀಸಾ ಬಂದು ಸೌದಿಯ ದಮ್ಮಾಮಿಗೆ ಹೋಗಿ ಆಗಿತ್ತು. ಧಣಿಗಳು ಅವನಿಗೆ ಫೋನು ಹಚ್ಚಿದರು. "ಫೋನು ಬಂತು, ಹೋದೆ. ಟೈಮ್ ಎಲ್ಲ ಯಾರಿಗೆ ನೆನಪು ಧಣಿಗಳೇ," ಅಂದು ಇಟ್ಟುಬಿಟ್ಟ.

ಅಕ್ಕನಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನೀವು ಬಂದ ಹೊತ್ತು ಇದರಲ್ಲಿ ಇಲ್ಲ, ಇರುವುದು ಇವನು ಕೆಲಸ ಮುಗಿಸಿದ ಹೊತ್ತು ಎಂದೆ. ತಲೆಯಾಡಿಸಿದರು. ಆದರೂ ಅದನ್ನು ಒಂದು ಕಾಗದದಲ್ಲಿ ಕೊಡಿ ಅಂದರು. ಯಾಕೆ ಎಂದು ಕೇಳಿದೆ.

"ಹೋಗಿ ಕೇಳಿದ್ದೇನೆ ಅಂತ ತೋರಿಸ್ಲಿಕ್ಕೆ ಎಂತಾದ್ರೂ ಬೇಕಲ್ಲ."

ಕೊಟ್ಟೆ. ಅವರ ಗಂಡನ ಸಾಲು, ಅವರು ಕೇಳಿದರು, ಮುಚ್ಚಿಡಲು ನಾನ್ಯಾರು? ಕೊಡಬಾರದಿತ್ತು ಎನ್ನುವವರು ಕಾಮೆಂಟಿನಲ್ಲಿ ಬೈಯಿರಿ, ಓದುತ್ತೇನೆ.

ಎರಡು ವಾರ ಕಳೆದಿರಬೇಕು, ಧಣಿಗಳೇ ಫೋನು ಮಾಡಿದರು. "ಆ ಹೆಂಗಸು ಪುನಃ ಬಂದಿದೆ. ನೀವು ಒಮ್ಮೆ ಬನ್ನಿ. ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಹೋದಾಗ ಅಕ್ಕ ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮುಖ ಊದಿತ್ತು. ಆದದ್ದು ಇಷ್ಟು. ಭಾವ ಆ ಕಾಗದವನ್ನು ಕನ್ನಡಕ ಹಾಕಿಕೊಂಡು ಓದಿದ್ದಾರೆ. ಕಾಗದದಲ್ಲಿ ಆ ದಿನದ್ದು ಎಂದು ಇರುವುದು ಒಂದೇ ಹೊತ್ತು, ಐದು ಐವತ್ತೈದು. ಆಸ್ಪತ್ರೆಯ ಚೀಟಿಯಲ್ಲಿ ಆರು. ಆಸ್ಪತ್ರೆ ಅಲ್ಲೇ ಹತ್ತಿರ. ಅಲ್ಲಿಗೆ ಭಾವನ ಲೆಕ್ಕ ಕೂಡಿತು. ಇವಳು ಗಾಡಿ ಕೇಳಿದ್ದು ಐದು ಐವತ್ತೈದಕ್ಕೆ, ಗಾಡಿಯವರು ಪಾಪ ಹಾರಿಕೊಂಡು ಬಂದಿದ್ದಾರೆ, ಅಷ್ಟು ಹೊತ್ತಿಗೆ ತಮ್ಮ ಮುಗಿದಿದ್ದ. ಆ ಕಾಗದವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕುಟುಂಬದ ವಾಟ್ಸಪ್ ಗ್ರೂಪಿಗೆ ಹಾಕಿದ್ದರು. ಮುಂಬಯಿಯಲ್ಲಿರುವ ನಾದಿನಿ ಫೋನು ಮಾಡಿ, ಅಣ್ಣನನ್ನು ಕೊಂದೆಯಲ್ಲ ಅಂದಳಂತೆ.

"ನಾನೇ ಕೊಂದದ್ದಾ ಮೇಡಂ?" ಎಂದು ಕೇಳಿದರು. ಅಳುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ಬಂದಿದೆಯಾ ಎಂದು ಕೇಳುವ ಹಾಗೆ ಕೇಳಿದರು.

ಧಣಿಗಳು ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಬಂದರು. ದನಿ ತಗ್ಗಿಸಿದರೂ ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು.

"ನೀವು ಮನಸ್ಸು ಮಾಡಿದ್ರೆ ಆ ಟೈಮ್ ಬದಲಿಸ್ಲಿಕ್ಕೆ ಆಗ್ತದಾ?"

"ಆಗ್ತದೆ. ಕೌಂಟರಿನಿಂದ ಆಗುದಿಲ್ಲ, ನನಗೆ ಆಗ್ತದೆ."

"ಹಾಗಾದ್ರೆ ಈ ಹೆಂಗಸು ಬಂದದ್ದು ಐದು ಗಂಟೆಗೆ ಅಂತ ಹಾಕಿ ಒಂದು ಕಾಗದ ಕೊಡಿ ಮಾರಾಯ್ತಿ. ತಡ ಆದದ್ದು ನಮ್ಮಿಂದ ಅಂತ ಆಗ್ಲಿ. ಜನ ನಮ್ಮನ್ನು ಬೈದ್ರೆ ಬೈಲಿ, ನಮಗೆ ಅಭ್ಯಾಸ ಉಂಟು. ಒಂದು ಹೆಂಗಸಿನ ತಲೆಯಿಂದ ಇಳಿಯುದಾದ್ರೆ ಎಂತ ನಷ್ಟ?"

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೂ ನಾನು ಆಗುವುದಿಲ್ಲ ಅಂದೆ. ಒಂದು ಸಾಲಿನಲ್ಲಿ ನಾನು ಕೈಯಾಡಿಸಿದರೆ ಆ ಆಫೀಸಿನ ಬೇರೆ ಯಾವ ಸಾಲನ್ನೂ ಯಾರೂ ನಂಬಬೇಕಾಗಿಲ್ಲ. ಅದನ್ನು ಹೇಳುತ್ತಿರುವಾಗಲೇ ಕೌಂಟರಿನ ಹಿಂದಿನಿಂದ ಅಳಿಯ ಎದ್ದು ನಿಂತ.

"ಐದು ಹಾಕ್ಬೇಡಿ."

ಧಣಿಗಳು ತಿರುಗಿದರು. "ನಿನಗೆಂತ? ಅವರು ಹಾಕುದಿಲ್ಲ ಅಂತ ಹೇಳಿ ಆಯ್ತಲ್ಲ."

"ಅಲ್ಲ ಮಾವ, ಐದು ಬೇಡ. ಐದಕ್ಕೆ ಗಾಡಿ ಇಲ್ಲಿ..."

ಅಲ್ಲಿಗೆ ಅವನ ಮಾತು ನಿಂತಿತು. ಧಣಿಗಳು ಅವನ ಮುಖವನ್ನೇ ನೋಡುತ್ತಿದ್ದರು.

"ಐದಕ್ಕೆ ಗಾಡಿ ಎಲ್ಲಿತ್ತು?"

ಅವನು ಮೊದಲು ಗ್ಯಾರೇಜು ಅಂದ. ಆಮೇಲೆ ಪೆಟ್ರೋಲ್ ಅಂದ. ಧಣಿಗಳು ಮೂರನೆಯ ಸಲ ಕೇಳಲಿಲ್ಲ, ಮೇಜಿನ ಮೇಲೆ ಕೈ ಊರಿ ನಿಂತರು ಅಷ್ಟೆ. ಕೊನೆಗೆ ಬಾಯಿ ಬಿಟ್ಟ. ಅವನ ಮಗಳಿಗೆ ಕದ್ರಿಯಲ್ಲಿ ಡ್ಯಾನ್ಸ್ ಕ್ಲಾಸು. ಅವನ ಸ್ಕೂಟರು ಕೆಟ್ಟಿತ್ತು. ಡ್ರೈವರನನ್ನು ಆಂಬುಲೆನ್ಸ್ ತೆಗೆದುಕೊಂಡು ಹೋಗಿ ಮಗುವನ್ನು ಕರೆದುಕೊಂಡು ಬಾ ಎಂದು ಕಳಿಸಿದ್ದ. ಆಗ ಈ ಅಕ್ಕ ಓಡಿ ಬಂದರು. ಇನ್ನೊಂದು ಗಾಡಿ ಯಥಾಪ್ರಕಾರ ಗ್ಯಾರೇಜಿನಲ್ಲಿ.

"ಗಾಡಿ ಇಲ್ಲ ಅಂತ ಹೇಳ್ಬಹುದಿತ್ತಲ್ಲ," ಅಂದರು ಧಣಿಗಳು.

"ಈಗ ಬರ್ತದೆ ಅಂತ ಅಂದುಕೊಂಡೆ ಮಾವ. ಡ್ರೈವರ್ ಹೊರಟಿದ್ದೇನೆ ಹೊರಟಿದ್ದೇನೆ ಅಂತಲೇ ಹೇಳ್ತಿದ್ದ. ಟ್ರಾಫಿಕ್ ಬ್ಲಾಕಲ್ಲಿ ಸಿಕ್ಕಿಹಾಕಿಕೊಂಡ. ಇಲ್ಲ ಅಂದ್ರೆ ನಿಮ್ಮ ಕಿವಿಗೆ ಬೀಳ್ತದೆ, ಆಂಬುಲೆನ್ಸ್ ಎಲ್ಲಿ ಹೋಗಿತ್ತು ಅಂತ ನೀವು ಕೇಳ್ತೀರಿ."

"ಎಷ್ಟು ಹೊತ್ತು ಕೂರಿಸಿದ್ದಿ ಇವರನ್ನು?"

"ಮುಕ್ಕಾಲು ಗಂಟೆ ಆಗಿರಬಹುದು."

ಧಣಿಗಳು ಎತ್ತಿದ ಕೈಯನ್ನು ನಾನು ಹಿಡಿಯಬೇಕಾಯಿತು. ಎಪ್ಪತ್ತರ ಮುದುಕ. ಆ ಗಲಾಟೆಯಲ್ಲಿ ಅಕ್ಕನನ್ನು ನೋಡಿದವರು ಯಾರೂ ಇಲ್ಲ. ನಾನು ತಿರುಗುವಾಗ ಅವರು ಕೊಡೆಯ ಬಟ್ಟೆಯನ್ನು ಒಂದೇ ಸಮನೆ ಮಡಚುತ್ತಿದ್ದರು, ಬಿಚ್ಚಿ ಪುನಃ ಮಡಚುತ್ತಿದ್ದರು.

"ಕೂತುಕೊಳ್ಳಿ ಅಂತ ನನ್ನ ಹತ್ರ ಹೇಳಿದಿರಿ," ಅಂದರು ಅಳಿಯನಿಗೆ. "ನಾನು ಎರಡು ಸಲ ಎದ್ದೆ. ಗಾಡಿ ಮೂಲೆಗೆ ಬಂತು, ಒಟ್ಟಿಗೇ ಹೋಗುವ ಅಂದಿರಿ."



ಧಣಿಗಳು ಅವತ್ತೇ ಅವನನ್ನು ಎಳೆದುಕೊಂಡು ಹೊರಟರು. ಆ ಮನೆಗೆ ಹೋಗಿ ಭಾವನ ಎದುರು ಹೇಳಬೇಕು, ಇಲ್ಲದಿದ್ದರೆ ತನ್ನ ಮನೆಯ ಮೆಟ್ಟಿಲು ಹತ್ತಬೇಡ ಅಂದರು. ಕಾಗದ ಕೊಟ್ಟವರು ನೀವು, ಅರ್ಥ ಹೇಳಲು ನೀವೇ ಬನ್ನಿ ಎಂದು ನನ್ನನ್ನೂ ಕರೆದರು. ಹೋದೆವು.

ಭಾವ ಜಗಲಿಯಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದರು. ನಮ್ಮನ್ನು ಮರ್ಯಾದೆಯಿಂದಲೇ ಕೂರಿಸಿದರು. ಅಳಿಯ ನಿಂತುಕೊಂಡೇ ಎಲ್ಲ ಹೇಳಿದ, ಡ್ಯಾನ್ಸ್ ಕ್ಲಾಸಿನಿಂದ ಹಿಡಿದು ಐದು ಐವತ್ತೈದರವರೆಗೆ. ಅವನ ಕುತ್ತಿಗೆ ಬೆವರಿ ಶರ್ಟಿನ ಕಾಲರು ಒದ್ದೆಯಾಗಿತ್ತು. ಭಾವ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೇಳಿ ಆದ ಮೇಲೆ ಒಳಗೆ ಹೋಗಿ ಆ ಕಾಗದವನ್ನು ತಂದರು. ಪ್ಲಾಸ್ಟಿಕ್ ಕವರು ಹಾಕಿಸಿದ್ದರು.

"ಇದು ನಿಮ್ಮ ಆಫೀಸಿಂದ ಬಂದದ್ದು ಹೌದಾ?"

"ಹೌದು," ಅಂದರು ಧಣಿಗಳು. "ಆದ್ರೆ..."

"ಎರಡು ವಾರದ ಹಿಂದೆ ಕಾಗದದಲ್ಲಿ ಒಂದು ಕೊಟ್ಟಿರಿ. ಈಗ ಬಾಯಲ್ಲಿ ಇನ್ನೊಂದು ಹೇಳ್ತೀರಿ. ಇವಳು ಅತ್ತದ್ದು ನೋಡಿ ಪಾಪ ಅನಿಸಿರಬಹುದು. ಒಳ್ಳೆಯ ಜನ ನೀವು." ನನ್ನ ಕಡೆ ತಿರುಗಿದರು. "ನೀವು ಕಲಿತವರು. ಇದರಲ್ಲಿ ಟೈಮ್ ಬರೆದದ್ದು ಯಾರು?"

"ಯಾರೂ ಅಲ್ಲ. ಮಷಿನ್ ತಾನೇ ಬರೆಯುದು."

"ಮಷಿನಿಗೆ ಇವಳ ಮೇಲೆ ದ್ವೇಷ ಉಂಟಾ?"

"ಹಾಗಲ್ಲ ಭಾವ," ಅಂದೆ. "ಅದು ಇವರು ಬಂದ ಟೈಮ್ ಅಲ್ಲ. ಸಾಲನ್ನು ಕೊನೆಗೆ ಮುಟ್ಟಿದ ಟೈಮ್. ಬಂದ ಟೈಮನ್ನು ಇವ ಬರೆಯಲೇ ಇಲ್ಲ."

"ಬರೆಯದ್ದನ್ನು ನಾನು ನಂಬಬೇಕು, ಬರೆದದ್ದನ್ನು ನಂಬಬಾರದು. ಚಂದ ಉಂಟು ನಿಮ್ಮ ಕಂಪ್ಯೂಟರು!"

ಅವರು ನಕ್ಕರು. ಆ ಮನುಷ್ಯ ದಡ್ಡನಲ್ಲ. ಒಡಹುಟ್ಟಿದ ತಮ್ಮ ಉಸಿರಿಗೆ ಒದ್ದಾಡುವಾಗ ತಾನು ಮದುವೆಯ ಮಂಟಪದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದವನಿಗೆ ಆ ಐದು ಐವತ್ತೈದು ಎಷ್ಟು ಬೇಕಾಗಿತ್ತು ಎಂದು ಆ ಕವರು ನೋಡಿದರೇ ಗೊತ್ತಾಗುತ್ತಿತ್ತು. ಅಳಿಯ ಕೈ ಮುಗಿದು, ನನ್ನ ಮಗಳ ಮೇಲೆ ಆಣೆ ಅಂದ. ಮಗುವಿನ ಮೇಲೆ ಆಣೆ ಹಾಕಬಾರದು ಎಂದು ಭಾವ ಬುದ್ಧಿ ಹೇಳಿ ಕಳಿಸಿದರು.

ಧಣಿಗಳೂ ಅಳಿಯನೂ ಒಬ್ಬರನ್ನೊಬ್ಬರು ನೋಡದೆ ಮುಂದೆ ನಡೆದರು. ನಾನು ಸ್ಕೂಟರ್ ತೆಗೆಯುವಾಗ ಅಕ್ಕ ಗೇಟಿನವರೆಗೆ ಬಂದರು.

ಈಗ ಆ ಆಫೀಸಿನಲ್ಲಿ ಒಮ್ಮೆ ಮುಗಿದ ಸಾಲನ್ನು ಮತ್ತೆ ತಿದ್ದಲು ಆಗುವುದಿಲ್ಲ. ಪ್ರತಿ ಸಲ ಮುಟ್ಟಿದಾಗಲೂ ಹಿಂದಿನದ್ದು ಅಳಿಯದೆ ಬೇರೆ ಜಾಗದಲ್ಲಿ ಉಳಿಯುವ ಹಾಗೆ ಮರುದಿನವೇ ಬದಲಿಸಿ ಕೊಟ್ಟೆ. ಆ ವಿಷಯವನ್ನು ಅವರಿಗೆ ಗೇಟಿನ ಹತ್ತಿರವೇ ಹೇಳಿದೆ, ಹೀಗೆ ಮಾಡುತ್ತೇನೆ, ಇನ್ನು ಯಾರಿಗೂ ಹೀಗೆ ಆಗಲಿಕ್ಕಿಲ್ಲ ಎಂದು. ಅವರಿಗೆ ಅದು ಕೇಳಿಸಿತೋ ಇಲ್ಲವೋ.

"ನಾನು ತಡ ಮಾಡಿದ್ದಲ್ಲ," ಅಂದರು. "ಅದೊಂದು ಗೊತ್ತಾಯ್ತು."

"ಹೌದು ಅಕ್ಕ. ನೀವು ಕೂಡ್ಲೇ ಹೋದದ್ದು. ಅವನೇ ಹೇಳಿದನಲ್ಲ."

"ಆದ್ರೆ ಮುಕ್ಕಾಲು ಗಂಟೆ ನಾನು ಅಲ್ಲಿ ಕೂತದ್ದು ಎಂತಕ್ಕೆ?" ನನ್ನನ್ನು ನೋಡದೆ ರಸ್ತೆಯನ್ನು ನೋಡುತ್ತಾ ಕೇಳಿದರು. "ಬಾಗಿಲಿನ ಎದುರಲ್ಲೇ ರಿಕ್ಷಾ ಹೋಗ್ತಾ ಇತ್ತು. ಒಂದಕ್ಕೆ ಕೈ ತೋರಿಸಿದ್ರೆ, ಓಣಿಯ ನಾಲ್ಕು ಜನರನ್ನು ಕರೆದಿದ್ರೆ, ಎತ್ತಿ ಹಾಕ್ಲಿಕ್ಕೆ ಆಗ್ತಿತ್ತು. ಅವರು ಒಬ್ರೇ ಇದ್ರು. ನಾನು ಫ್ಯಾನಿನ ಅಡಿ ಕೂತಿದ್ದೆ."

"ಗಾಡಿ ಬಂತು ಅಂತ ಅವ ಹೇಳಿದ್ದಲ್ವಾ. ನೀವು ನಂಬಿದ್ದು."

"ಹೌದು. ನಂಬಿದ್ದು."

ಜಗಲಿಯಿಂದ ಭಾವ ಒಮ್ಮೆ ಕೆಮ್ಮಿದರು. ಅಕ್ಕ ತಿರುಗಿ ನೋಡಿದರು.

"ಅವರಿಗೆ ಚಾ ಇಡ್ಬೇಕು," ಎಂದು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು.